ಹಡಿಲು ನೆಲದ ಹೊಣೆ

ಊರಿನಲ್ಲಿ ಭೂಮಿಯುಂಟು, ನೋಡಿಕೊಳ್ಳುವವರಿಲ್ಲ ಎಂಬ ಮಾತು ಹೊರನಾಡಿನಲ್ಲಿ ನೆಲಸಿರುವ ನಮ್ಮ ಬಾಂಧವರಲ್ಲಿ ಇಂದು ಸರ್ವಸಾಮಾನ್ಯವಾಗಿದೆ. ಮುಂಬಯಿ, ಪುಣೆಗಳ ಹೊಟೇಲುಗಳಲ್ಲಿ ದುಡಿಯುವವರು, ಚೆನ್ನೈ, ಹೈದರಾಬಾದು, ದಿಲ್ಲಿಗಳ ಕಚೇರಿಗಳಲ್ಲಿ ಗುಮಾಸ್ತರಾಗಿರುವವರು, ಇವರಲ್ಲಿ ಅನೇಕರ ಹೆಸರಿಗೆ ಊರಿನ ಪಹಣಿಯಲ್ಲಿ ಅರ್ಧ ಎಕರೆಯೋ ಎರಡೆಕರೆಯೋ ನೆಲವು ಇದ್ದೇ ಇದೆ. ಅಣ್ಣತಮ್ಮಂದಿರೊಳಗೆ ಪಾಲಾಗದೆ ಉಳಿದುದೂ ಉಂಟು, ಪಾಲಾಗಿಯೂ ಉಳುವವರಿಲ್ಲದೆ ಬಿದ್ದುದೂ ಉಂಟು. ಬೆಟ್ಟುಗದ್ದೆಯು ಹಡಿಲು ಬಿದ್ದು ಎಷ್ಟೋ ಮಳೆಗಾಲಗಳು ಸಂದುಹೋಗಿವೆ. ‘ಇರಲಿ, ನೆಲವೇನು ಓಡಿಹೋಗುವುದೇ? ಅದಕ್ಕೂ ಒಂದಿಷ್ಟು ವಿಶ್ರಾಂತಿ ದೊರೆತಂತಾಯಿತು’ ಎಂದು ನಾವು ಸಮಾಧಾನ ತಂದುಕೊಳ್ಳುತ್ತೇವೆ.

ಈ ಸಮಾಧಾನಕ್ಕೆ ಆಧಾರವಿಲ್ಲವೆಂದು ವಿಷಾದದಿಂದ ಹೇಳಬೇಕಾಗಿದೆ. ಒಡೆಯನು ಬಿಟ್ಟುಹೋದ ನೆಲವು ಬರಿದಾಗಿ ಉಳಿಯುವುದಿಲ್ಲ. ಬಲಿಷ್ಠನಾದ ಇನ್ನಾವನೋ ಬಂದು ಅಲ್ಲಿ ಬೀಡುಬಿಡುತ್ತಾನೆ. ಇಂದು ಕರಾವಳಿ, ಮಲೆನಾಡು, ಬಯಲುಸೀಮೆಗಳ ಹಡಿಲು ನೆಲದಲ್ಲಿ ಹೀಗೆ ಬೀಡುಬಿಟ್ಟಿರುವವು ಪರಖಂಡದಿಂದ ಬಂದ ಮೂರು ನಾಲ್ಕು ಜಾತಿಯ ಪೊದೆಗಳು. ಅವುಗಳಿಂದ ನಮ್ಮ ನೆರೆಯ ರೈತನಿಗೂ ನಮ್ಮ ಕಾಡಿನ ಮೂಕಪ್ರಾಣಿಗಳಿಗೂ ಒದಗಿರುವ ಸಂಕಟವು ಅಲ್ಪವಾದುದಲ್ಲ.

ಇವುಗಳಲ್ಲಿ ಮೊದಲನೆಯದು ಲಂಟಾನ. ಊರಿಗೊಂದು ಹೆಸರಿದ್ದರೂ, ಕೆಂಪು, ಹಳದಿ, ನಸುಗೆಂಪು ಬಣ್ಣಗಳ ಹೂಗೊಂಚಲನ್ನೂ, ಮೈಗೆ ತಗುಲಿದರೆ ಗೀಚುವ ಕಾಂಡವನ್ನೂ, ಕರಿಮಣಿಯಂತಹ ಹಣ್ಣನ್ನೂ ಅರಿಯದವರಿಲ್ಲ. ಅಮೆರಿಕ ಖಂಡದ ಉಷ್ಣಪ್ರದೇಶದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಆಂಗ್ಲರು ತೋಟದ ಅಲಂಕಾರಕ್ಕೆಂದು ಭಾರತಕ್ಕೆ ತಂದರು. ಹೂವಿನ ಚೆಲುವಿಗೆ ಮರುಳಾಗಿ ಬೇಲಿಯಲ್ಲಿ ನೆಟ್ಟುದು ಬೇಲಿಯನ್ನು ದಾಟಿ ಕಾಡನ್ನು ಹೊಕ್ಕಿತು. ಎರಡನೆಯದು ಯುಪಟೋರಿಯಂ. ಕೇರಳದವರು ಇದನ್ನೇ ಕಮ್ಯೂನಿಸ್ಟ್ ಪಚ್ಚ ಎನ್ನುವರು. ಇದೂ ಅಮೆರಿಕದ್ದೇ. ಮೂರನೆಯದಾದ ಬಳ್ಳಾರಿ ಜಾಲಿಯೂ ಅದೇ ಖಂಡದಿಂದ ಬಂದುದಾಗಿ, ಸೌದೆಗೆಂದೂ ಬರಡು ನೆಲಕ್ಕೆ ಹಸಿರು ಹೊದಿಸಲೆಂದೂ ಬೆಳೆಸಲ್ಪಟ್ಟು, ಈಗ ಕೆರೆಯಂಗಳಗಳನ್ನೂ ಹುಲ್ಲುಗಾವಲುಗಳನ್ನೂ ನುಂಗುತ್ತಿದೆ. ದಿಲ್ಲಿಯಲ್ಲಿರುವ ನಮ್ಮ ವಾಚಕರು ಅಲ್ಲಿನ ದಿಣ್ಣೆಗಾಡಿನಲ್ಲಿ ವಿಲಾಯತಿ ಕೀಕರ್ ಎಂಬ ಹೆಸರಿನಿಂದಲೂ, ಚೆನ್ನೈಯವರು ಸೀಮೈ ಕರುವೇಲಂ ಎಂಬ ಹೆಸರಿನಿಂದಲೂ ಕಾಣುವುದು ಇದನ್ನೇ.

ಒಂದು ಗಿಡವು ಹೊರಗಿನಿಂದ ಬಂದಿತೆಂದ ಮಾತ್ರಕ್ಕೆ ಅದನ್ನು ಹಗೆಯೆಂದು ಬಗೆಯಬೇಕಾಗಿಲ್ಲ. ಮೆಣಸಿನಕಾಯಿಯೂ ಗೋಡಂಬಿಯೂ ಅಮೆರಿಕದಿಂದಲೇ ಬಂದವು. ಅವಿಲ್ಲದಿದ್ದರೆ ನಮ್ಮ ಹೊಟೇಲುಗಳ ಅಡುಗೆಮನೆ ನಡೆಯದು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು, ಬಂದ ಊರಿಗೆ ಅನ್ನ ಬಡಿಸಿ ಬಾಳುತ್ತಿರುವ ನಾವು ‘ಹೊರಗಿನವನು’ ಎಂಬ ಶಬ್ದವನ್ನು ಎಚ್ಚರದಿಂದಲೇ ಬಳಸಬೇಕು. ಇಲ್ಲಿನ ದೂರು ಬಂದುದರ ಬಗ್ಗೆ ಅಲ್ಲ. ಬಂದಲ್ಲಿ ಇತರರಿಗೆ ಎಡೆಗೊಡದೆ ಇರುವುದರ ಬಗ್ಗೆ. ಲಂಟಾನವು ದಟ್ಟವಾಗಿ ಹಬ್ಬಿದ ಕಡೆ ನೆಲಕ್ಕೆ ಬಿಸಿಲು ಬೀಳುವುದಿಲ್ಲ. ಹುಲ್ಲು ಸಾಯುತ್ತದೆ. ಹೊನ್ನೆ, ನೆಲ್ಲಿ, ಮತ್ತಿ ಮೊದಲಾದ ಮರಗಳ ಬೀಜವು ಬಿದ್ದರೂ ಸಸಿಯಾಗಿ ಮೇಲೇಳಲಾರದು. ದೊಡ್ಡ ಮರಗಳು ಇರುವ ತನಕ ಕಾಡು ಕಾಡಿನಂತೆಯೇ ಕಾಣುವುದು. ಆದರೆ ಅವು ಬಿದ್ದ ಮೇಲೆ ಅವುಗಳ ಸ್ಥಾನಕ್ಕೆ ಬರತಕ್ಕ ಮಕ್ಕಳು ಕೆಳಗೆ ಇರುವುದಿಲ್ಲ.

ಕಾಡಿನ ಮೃಗಗಳಿಗೆ ಇದರಿಂದ ಆಗುವ ಕೇಡು ನೇರವಾದುದು. ಜಿಂಕೆ, ಕಡವೆ, ಕಾಟಿ, ಆನೆ ಇವೆಲ್ಲವೂ ಹುಲ್ಲನ್ನೂ ಎಳೆಯ ಚಿಗುರನ್ನೂ ನಂಬಿದ ಪ್ರಾಣಿಗಳು. ಲಂಟಾನದ ಎಲೆಯಲ್ಲಿ ವಿಷವಿದೆ. ಅದನ್ನು ತಿಂದ ದನದ ಯಕೃತ್ತು ಕೆಡುವುದನ್ನೂ, ಬಿಸಿಲು ತಾಗಿದಲ್ಲಿ ಚರ್ಮವು ಸುಟ್ಟಂತೆ ಆಗಿ ಸುಲಿಯುವುದನ್ನೂ ಪಶುವೈದ್ಯರು ಬಲ್ಲರು. ಮೇವು ಕಡಿಮೆಯಾದ ಕಾಡಿನಿಂದ ಮೃಗಗಳು ಹೊಲಗಳತ್ತ ತಿರುಗಿದರೆ ಅದು ಅವುಗಳ ತಪ್ಪೆನ್ನಲು ಬರುವುದಿಲ್ಲ. ಹಕ್ಕಿಗಳ ವಿಚಾರದಲ್ಲಿಯೂ ಹೀಗೆಯೇ. ಲಂಟಾನದ ಹೂವಿಗೆ ಚಿಟ್ಟೆಗಳು ಮುತ್ತುವುದನ್ನೂ, ಹಣ್ಣಿಗೆ ಪಿಕಳಾರಗಳು ನೆರೆಯುವುದನ್ನೂ ಕಂಡವರು ಇದರಿಂದ ಉಪಕಾರವೇ ಆಗುತ್ತಿದೆಯೆಂದು ಭಾವಿಸುವುದುಂಟು. ಕೆಲವು ಜಾತಿಗಳಿಗೆ ಉಪಕಾರವಾಗುವುದು ನಿಜವೇ. ಆದರೆ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವು, ಲಂಟಾನವು ದಟ್ಟವಾದಂತೆ ಹಕ್ಕಿಗಳ ಜಾತಿವೈವಿಧ್ಯವು ಕುಗ್ಗುವುದೆಂದೂ, ಮರದ ಮೇಲ್ಭಾಗದಲ್ಲಿ ಬಾಳುವ ಹಕ್ಕಿಗಳಿಗೂ ಹುಳು ತಿಂದು ಬದುಕುವ ಹಕ್ಕಿಗಳಿಗೂ ಹೆಚ್ಚಿನ ಹಾನಿಯಾಗುವುದೆಂದೂ ತೋರಿಸಿಕೊಟ್ಟಿತು. ಹತ್ತು ಮಂದಿ ಉಣ್ಣುವ ಪಂಕ್ತಿಯಲ್ಲಿ ಇಬ್ಬರಿಗೆ ಮಾತ್ರ ಬಡಿಸಿದಂತಾಯಿತು.

ವ್ಯಾಪ್ತಿಯು ಎಷ್ಟೆಂಬುದನ್ನು ಅಂಕೆಗಳೇ ಹೇಳುವುವು. ಭಾರತೀಯ ವನ್ಯಜೀವಿ ಸಂಸ್ಥೆಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ದೇಶದ ಹುಲಿನೆಲೆಗಳ ಕಾಡುಗಳಲ್ಲಿ ಲಂಟಾನವು ಸುಮಾರು 1,54,000 ಚದರ ಕಿಲೋಮೀಟರಿನಷ್ಟು, ಎಂದರೆ ಶೇಕಡ 40ಕ್ಕೂ ಮಿಕ್ಕ ಪ್ರದೇಶವನ್ನು ಆಕ್ರಮಿಸಿದೆ. ಕರ್ನಾಟಕ ರಾಜ್ಯದ ಒಟ್ಟು ವಿಸ್ತೀರ್ಣವೇ 1,91,791 ಚದರ ಕಿಲೋಮೀಟರು. ಅದರ ಐದರಲ್ಲಿ ನಾಲ್ಕು ಪಾಲಿನಷ್ಟು ನೆಲವು ಒಂದೇ ಗಿಡದ ವಶವಾಗಿದೆಯೆಂದಾಯಿತು. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ಪರಿಶೀಲಿಸಿದ ತಾಣಗಳಲ್ಲಿ ಶೇಕಡ 41ರಷ್ಟರಲ್ಲಿದ್ದ ಲಂಟಾನವು 2008ರಲ್ಲಿ ಶೇಕಡ 81ರಷ್ಟರಲ್ಲಿ ಕಂಡುಬಂದಿತು. ಹನ್ನೊಂದು ವರ್ಷಗಳಲ್ಲಿ ಇಮ್ಮಡಿ!

ಆ ಬೆಟ್ಟದಲ್ಲಿ ತಲೆತಲಾಂತರದಿಂದ ಬಾಳುತ್ತಿರುವ ಸೋಲಿಗರು ಇದಕ್ಕೆ ಕೊಡುವ ಕಾರಣವು ಮನನೀಯವಾಗಿದೆ. ಹಿಂದೆ ಅವರು ಬೇಸಗೆಯ ಮೊದಲಲ್ಲಿ, ತರಗು ಇನ್ನೂ ತೆಳ್ಳಗಿರುವಾಗಲೇ, ನೆಲಮಟ್ಟದ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. ಇದಕ್ಕೆ ತರಗುಬೆಂಕಿಯೆಂದು ಹೆಸರು. ಅದರಿಂದ ಲಂಟಾನದ ಎಳೆಯ ಸಸಿಗಳು ಸುಟ್ಟು, ಹುಲ್ಲು ಹೊಸದಾಗಿ ಚಿಗುರುತ್ತಿತ್ತು. 1974ರಲ್ಲಿ ಅಲ್ಲಿ ವನ್ಯಧಾಮವಾದ ಬಳಿಕ ಈ ಪದ್ಧತಿಯು ನಿಂತಿತು, ಪೊದೆಯು ಬೆಳೆಯಿತು. ಹಾಗೆಂದು ಈಗ ಬೆಂಕಿ ಹಾಕಬೇಕೆಂದು ಯಾರೂ ತಿಳಿಯಲಾಗದು. ಆಳೆತ್ತರಕ್ಕೆ ಬೆಳೆದು ಒಣಗಿ ನಿಂತಿರುವ ಪೊದೆಗೆ ಕಿಡಿ ತಗುಲಿದರೆ ಅದು ನೆಲದ ಬೆಂಕಿಯಾಗಿ ಉಳಿಯದೆ ಮರದ ತುದಿಗೇರುವುದು. 2019ರ ಫೆಬ್ರವರಿಯಲ್ಲಿ ಬಂಡೀಪುರವು ಬೆಂದಾಗ ಲಂಟಾನದ ಒಣ ಪೊದೆಗಳೂ ಆ ಬೆಂಕಿಗೆ ಉರುವಲಾದುವು. ಕಾಡಿನೊಡನೆ ಬಾಳಿದವರ ತಿಳಿವಳಿಕೆಯನ್ನು ಕೇಳದೆ ಕಾಡನ್ನು ಕಾಯಹೊರಟರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಡ.

ಕಾಡಿನ ಮಾತು ಹೀಗಾದರೆ, ನಮ್ಮ ಸ್ವಂತ ನೆಲದ ಮಾತೇನು? ಇಲ್ಲಿಯೂ ನಡೆದಿರುವುದು ಅದೇ ಕಥೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಕುಮ್ಕಿ ನೆಲದಿಂದ ಹಿಂದೆ ಪ್ರತಿ ವರ್ಷವೂ ಗೊಬ್ಬರಕ್ಕೆ ಸೊಪ್ಪನ್ನೂ, ಮಾಡು ಹೊದಿಸಲು ಮುಳಿಹುಲ್ಲನ್ನೂ ಕೊಯ್ಯುತ್ತಿದ್ದರು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟಗಳಿಗೂ ಕತ್ತಿಯ ಪರಿಚಯವಿತ್ತು. ದನ ಮೇಯುತ್ತಿದ್ದುವು. ಹೆಂಚು ಬಂದು ಮುಳಿಹುಲ್ಲು ಬೇಡವಾಯಿತು. ರಾಸಾಯನಿಕ ಗೊಬ್ಬರ ಬಂದು ಸೊಪ್ಪು ಬೇಡವಾಯಿತು. ಹಟ್ಟಿಯಲ್ಲಿ ದನಗಳಿಲ್ಲ, ಮನೆಯಲ್ಲಿ ಹರೆಯದವರಿಲ್ಲ. ಕತ್ತಿಯಾಡದ ನೆಲಕ್ಕೆ ಯುಪಟೋರಿಯಂ ಬಂದಿತು. ಆ ಪೊದೆಯೊಳಗೆ ಹಗಲೆಲ್ಲ ಅಡಗಿದ್ದು ಇರುಳಾದೊಡನೆ ಹೊರಡುವ ಕಾಡುಹಂದಿಯು ಪಕ್ಕದವನ ಭತ್ತವನ್ನೂ ಗೆಣಸನ್ನೂ ಅಗೆದುಹಾಕುವುದು. ಮುಳ್ಳುಹಂದಿಯು ತೆಂಗಿನ ಸಸಿಯ ಬುಡವನ್ನು ಕಡಿಯುವುದು. ಊರಿನಲ್ಲಿ ಉಳಿದು ಇನ್ನೂ ಬೇಸಾಯ ಮಾಡುತ್ತಿರುವ ಆ ಒಬ್ಬನು ಎಷ್ಟು ವರ್ಷ ಕಾದಾನು? ಅವನೂ ಕೈಬಿಟ್ಟರೆ ಮತ್ತೊಂದು ಗದ್ದೆಯು ಹಡಿಲು. ಹೀಗೆ ನಮ್ಮ ಗೈರುಹಾಜರಿಯು ನಮ್ಮ ಎಲ್ಲೆಕಲ್ಲಿನೊಳಗೇ ನಿಲ್ಲದೆ ನೆರೆಯವನ ಅನ್ನಕ್ಕೂ ಕೈಯಿಕ್ಕುತ್ತದೆ.

ಇನ್ನು ನಿವಾರಣೆಯ ಮಾರ್ಗವನ್ನು ವಿಚಾರಿಸೋಣ. ಸಾಮಾನ್ಯವಾಗಿ ಮಾಡುವುದೆಂದರೆ, ವರ್ಷಕ್ಕೊಮ್ಮೆ ಊರಿಗೆ ಹೋದಾಗ ಕೂಲಿಯಾಳಿಗೆ ಹಣ ಕೊಟ್ಟು ಪೊದೆಯನ್ನು ಮೇಲಿನಿಂದ ಸವರಿಸುವುದು, ಇಲ್ಲವೆ ಬೆಂಕಿ ಹಾಕಿಸುವುದು, ಇಲ್ಲವೆ ಯಂತ್ರವನ್ನು ತರಿಸಿ ನೆಲವನ್ನೆಲ್ಲ ಕೆರೆಸಿಬಿಡುವುದು. ಮೂರೂ ವ್ಯರ್ಥ. ಸವರಿದ ಲಂಟಾನವು ಬುಡದಿಂದ ಒಂದಕ್ಕೆ ಹತ್ತಾಗಿ ಚಿಗುರುವುದು. ಕೆರೆದ ನೆಲವು ಬರಿದಾಗಿ, ಬಿಸಿಲು ಬಿದ್ದೊಡನೆ ಮಣ್ಣಿನಲ್ಲಿದ್ದ ಕಳೆಯ ಬೀಜವೇ ಮೊದಲು ಮೊಳೆಯುವುದು. ಪರದೇಶದಿಂದ ಕೀಟಗಳನ್ನು ತಂದು ಬಿಡುವ ಪ್ರಯತ್ನವೂ ಕಳೆದ ಶತಮಾನದಲ್ಲಿಯೇ ನಡೆಯಿತು. 1941ರಲ್ಲಿ ತಂದ ತಿಗಣೆಜಾತಿಯ ಕೀಟವು ಎಲೆಯನ್ನು ಹೀರಿ ಬಾಡಿಸಿತೇ ಹೊರತು ಲಂಟಾನವನ್ನು ಅಳಿಸಲಿಲ್ಲ.

ಫಲಕಾರಿಯಾದ ಒಂದು ವಿಧಾನವನ್ನು ದಿಲ್ಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರೂ ಅವರ ಸಹೋದ್ಯೋಗಿಗಳೂ ಕಾರ್ಬೆಟ್ ಹುಲಿಧಾಮದಲ್ಲಿ ಪ್ರಯೋಗಿಸಿ 2009ರಲ್ಲಿ ಪ್ರಕಟಿಸಿದರು. ಅದಕ್ಕೆ ದೊಡ್ಡ ಯಂತ್ರವೂ ಬೇಡ, ವಿಷವೂ ಬೇಡ. ಗುದ್ದಲಿ ಸಾಕು. ಪೊದೆಯ ಬುಡದಲ್ಲಿ ಮಣ್ಣನ್ನು ಸರಿಸಿ, ನೆಲಮಟ್ಟದಿಂದ 3ರಿಂದ 5 ಸೆಂಟಿಮೀಟರು ಕೆಳಗೆ ತಾಯಿಬೇರನ್ನು ಕಡಿಯಬೇಕು. ಚಿಗುರುವ ಶಕ್ತಿಯೆಲ್ಲ ಬುಡದ ಗಡ್ಡೆಯಲ್ಲಿದೆ, ಅದರ ಕೆಳಗಿನ ಬೇರಿನಲ್ಲಿ ಇಲ್ಲ. ಕಡಿದ ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಟ್ಟರೆ ಕಾಂಡವು ಮತ್ತೆ ನೆಲಕ್ಕೆ ತಾಗಿ ಬೇರುಬಿಡದೆ ಒಣಗುವುದು. ಅನಂತರದ ಕೆಲಸವೇ ಮುಖ್ಯ. ಹಣ್ಣು ತಿಂದ ಹಕ್ಕಿಗಳು ಕೂರುವ ಮರದಡಿಯಲ್ಲಿ ಹೊಸ ಸಸಿಗಳು ಏಳುವುವು. ಮುಂದಿನ ಎರಡು ಮೂರು ವರ್ಷ ಅವುಗಳನ್ನು ಕೈಯಿಂದ ಕಿತ್ತುಹಾಕಬೇಕು. ತೆರವಾದ ಎಡೆಯಲ್ಲಿ ನಾಡಹುಲ್ಲನ್ನೋ ನಾಡಮರವನ್ನೋ ಬೆಳೆಸಬೇಕು. ಖಾಲಿ ಬಿಟ್ಟರೆ ಒಂದು ಕಳೆ ಹೋಗಿ ಇನ್ನೊಂದು ಬರುವುದು.

ಯುಪಟೋರಿಯಮ್ಮಿನ ವಿಷಯದಲ್ಲಿ ಕಾಲಜ್ಞಾನವೇ ಅರ್ಧ ಜಯ. ಅದು ಹೂ ಬಿಡುವುದು ಡಿಸೆಂಬರ್, ಜನವರಿಗಳಲ್ಲಿ. ಬೇಸಗೆಯ ಹೊತ್ತಿಗೆ ಅದರ ಹಗುರಾದ ಬೀಜವು ಗಾಳಿಯಲ್ಲಿ ತೇಲಿ ಊರನ್ನೆಲ್ಲ ಸುತ್ತಿಬಂದಿರುವುದು. ನಮ್ಮವರು ರಜೆ ಪಡೆದು ಊರಿಗೆ ಹೋಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಮದುವೆ, ಉಪನಯನ, ಜಾತ್ರೆ, ನೇಮಗಳನ್ನು ಮುಗಿಸಿ, ಕೊನೆಯ ಎರಡು ದಿನಗಳಲ್ಲಿ ಗುಡ್ಡವನ್ನು ಸವರಿಸಿ ರೈಲು ಹತ್ತುವರು. ಕಳ್ಳನು ಹೋದ ಮೇಲೆ ಕದವಿಕ್ಕಿದಂತೆ! ಮಳೆ ಹಿಂದೆಗೆದು ಮಣ್ಣು ಇನ್ನೂ ಮೆದುವಾಗಿರುವ, ಹೂವು ಇನ್ನೂ ಬಾರದಿರುವ ನವರಾತ್ರಿ, ದೀಪಾವಳಿಗಳ ನಡುವಣ ದಿನಗಳೇ ಇದಕ್ಕೆ ತಕ್ಕ ಕಾಲ. ಆಗ ಬೇರುಸಹಿತ ಕಿತ್ತ ಗಿಡವು ಅಡಕೆ ತೋಟದ ಬುಡಕ್ಕೆ ಒಳ್ಳೆಯ ಸೊಪ್ಪೂ ಆಗುವುದು. ಬೀಜ ಕಟ್ಟಿದುದನ್ನು ಮಾತ್ರ ತೋಟಕ್ಕೆ ಒಯ್ಯಬಾರದು. ಯುಪಟೋರಿಯಂ ನೆರಳಿಗೆ ಸೋಲುವ ಗಿಡವಾದುದರಿಂದ, ಕಿತ್ತ ಜಾಗದಲ್ಲಿ ನೇರಳೆ, ಮುರುಗಲು, ಹೆಬ್ಬಲಸು, ಬೋಗಿಗಳನ್ನು ನೆಟ್ಟು ನೆರಳು ಕೂಡುವ ತನಕ ಕಾಪಾಡಿದರೆ ಆಮೇಲಿನ ಕಾವಲನ್ನು ಮರಗಳೇ ಮಾಡುವುವು. ಬಯಲುಸೀಮೆಯವರು ಬಳ್ಳಾರಿ ಜಾಲಿಯನ್ನು ಕಡಿಸುವಾಗಲೂ ಬುಡವನ್ನು ಬೇರಿನ ಸಮೇತ ತೆಗೆಸುವುದು ಅವಶ್ಯ. ಇಲ್ಲವಾದರೆ ಕೊಟ್ಟ ಕೂಲಿಯು ಅದಕ್ಕೆ ಗೊಬ್ಬರ ಹಾಕಿದಂತೆಯೇ. ಪೊದೆಯಲ್ಲಿ ಗೂಡುಗಳೂ ಇರುವುದರಿಂದ ಎಲ್ಲವನ್ನೂ ಒಂದೇ ದಿನ ಬಯಲು ಮಾಡದೆ, ತುಂಡು ತುಂಡಾಗಿ ತೆರವು ಮಾಡಿ, ಒಂದು ತುಂಡಿನಲ್ಲಿ ಸಸಿ ನಿಂತ ಮೇಲೆ ಮುಂದಿನದಕ್ಕೆ ಹೋಗುವುದು ವಿವೇಕ.

ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆಯುವ ಕಸುಬನ್ನು ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಕಲಿತಿರುವರು. ನೀಲಗಿರಿಯ ಆದಿವಾಸಿ ಕುಶಲಿಗಳು ಅದೇ ಕಡ್ಡಿಯಿಂದ ಕಟ್ಟಿದ ಆಳ್ಮೀರಿದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತು ಜನರ ಮೆಚ್ಚುಗೆಯನ್ನು ಪಡೆದುವು. ಬಡವರ ಕೈಗೆ ನಾಲ್ಕು ಕಾಸು ತರುವ ಈ ಉದ್ಯಮವು ಸರ್ವಥಾ ಪ್ರೋತ್ಸಾಹಾರ್ಹ. ಆದರೆ ಇದೊಂದರಿಂದಲೇ ಕಳೆಯು ತೊಲಗುವುದೆಂದು ನಂಬುವುದು ಸಲ್ಲದು. ಹೆಣೆಯುವವನಿಗೆ ಬೇಕಾದುದು ಕಡ್ಡಿ. ನೆಲಕ್ಕೆ ಬೇಕಾದುದು ಬೇರಿನ ನಿರ್ಮೂಲನ.

ಸರಕಾರದ ಹೊಣೆಯನ್ನೂ ಹೇಳದೆ ಬಿಡುವಂತಿಲ್ಲ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಆಕ್ರಮಣಕಾರಿ ಪರಕೀಯ ಜಾತಿಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಇದು ಸ್ವಾಗತಾರ್ಹ. ಆದರೆ ಕಾಯಿದೆಯೊಂದೇ ಕಳೆಯನ್ನು ಕೀಳುವುದಿಲ್ಲವೆಂಬುದಕ್ಕೆ ನಮ್ಮಲ್ಲಿಯೇ ದೃಷ್ಟಾಂತವಿದೆ. ಕಾಂಗ್ರೆಸ್ ಗಿಡವೆಂದು ನಾವು ಕರೆಯುವ ಪಾರ್ಥೇನಿಯಂ 1950ರ ದಶಕದ ನಡುಭಾಗದಲ್ಲಿ ಪುಣೆಯಲ್ಲಿ ವಿಜ್ಞಾನಿಗಳ ಗಮನಕ್ಕೆ ಬಂದಿತು. ಕರ್ನಾಟಕವು 1975ರಲ್ಲಿ ಅದನ್ನು ಹಾನಿಕರ ಕಳೆಯೆಂದು ಕಾನೂನುರೀತ್ಯಾ ಘೋಷಿಸಿತು. ಘೋಷಣೆಯು ಕಡತದಲ್ಲಿ ಉಳಿಯಿತು, ಗಿಡವು ರಸ್ತೆಯ ಎರಡೂ ಮಗ್ಗುಲಲ್ಲಿ ಉಳಿಯಿತು. ಆದುದರಿಂದ ಕಾಡಿನ ಲಂಟಾನವನ್ನು ತೆಗೆಯಿಸುವ ಯಾವ ಯೋಜನೆಯಲ್ಲಿಯೂ ಮೊದಲ ವರ್ಷದ ಕಡಿತಕ್ಕೆ ಮಾತ್ರವಲ್ಲದೆ ಎರಡನೆಯ, ಮೂರನೆಯ ವರ್ಷದ ಸಸಿ ಕೀಳುವ ಕೆಲಸಕ್ಕೂ ಹಣವನ್ನು ಮೊದಲೇ ತೆಗೆದಿರಿಸಬೇಕೆಂದೂ, ಆ ಕೆಲಸವನ್ನು ಆಯಾ ಕಾಡಿನ ನಿವಾಸಿಗಳಿಗೇ ತಕ್ಕ ಕೂಲಿಯೊಡನೆ ಒಪ್ಪಿಸಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ.

ದೂರದ ನಗರದಲ್ಲಿ ಕುಳಿತು ನಾವೇನು ಮಾಡಬಲ್ಲೆವು ಎಂದು ವಾಚಕರು ಕೇಳಬಹುದು. ಮಾಡಬಲ್ಲುದು ಮೂರಿವೆ. ಮೊದಲನೆಯದಾಗಿ, ಅಣ್ಣತಮ್ಮಂದಿರೊಳಗೆ ಪಾಲಿನ ತಕರಾರು ತೀರಲಿ ತೀರದಿರಲಿ, ಪೊದೆ ತೆಗೆಯುವ ಖರ್ಚನ್ನು ಎಲ್ಲರೂ ಸಮನಾಗಿ ಹಂಚಿಕೊಂಡು ಮೂರು ವರ್ಷಕ್ಕೆ ಒಬ್ಬನನ್ನು ಹೊಣೆಗಾರನನ್ನಾಗಿ ಮಾಡಿರಿ. ವ್ಯಾಜ್ಯವು ಇತ್ಯರ್ಥವಾಗುವ ತನಕ ಕಳೆಯು ಕಾಯುವುದಿಲ್ಲ. ಎರಡನೆಯದಾಗಿ, ನೆರೆಯವರಿಗೆ ಹುಲ್ಲು ಕೊಯ್ಯಲು, ಸೊಪ್ಪು ಕಡಿಯಲು, ದನ ಮೇಯಿಸಲು ಮನಸಾರೆ ಅನುಮತಿ ಕೊಡಿರಿ. ಗೇಣಿಯ ಹಕ್ಕು ಹುಟ್ಟೀತೆಂಬ 1974ರ ಭೂಸುಧಾರಣೆಯ ಕಾಲದ ಅಂಜಿಕೆಯಿಂದ ಅನೇಕರು ಪಕ್ಕದವನ ದನವನ್ನೂ ಒಳಗೆ ಬಿಡದೆ ನೆಲವನ್ನು ಪೊದೆಗೆ ಒಪ್ಪಿಸಿರುವರು. ಹುಲ್ಲು ಕೊಯ್ದವನು ನೆಲದ ಒಡೆಯನಾಗಲಾರನು. ಮೂರನೆಯದಾಗಿ, ಹೊಟೇಲು ಮಾಲಿಕರಲ್ಲಿ ನಮ್ಮದೊಂದು ವಿನಂತಿ. ಊರಿನಲ್ಲಿ ನೆಲವುಳ್ಳ ಕೆಲಸಗಾರರಿಗೆ ಬೇಸಗೆಯ ರಜೆಯಲ್ಲಿಯೇ ಒಂದು ವಾರವನ್ನು ಕಳೆದು, ಸರದಿಯ ಮೇಲೆ ದೀಪಾವಳಿಯ ಆಸುಪಾಸಿನಲ್ಲಿ ಕೊಡಲು ಸಾಧ್ಯವೇ ಎಂದು ಆಲೋಚಿಸಿರಿ. ನಮ್ಮ ಸಂಘಸಂಸ್ಥೆಗಳೂ ಒಂದು ಗ್ರಾಮದವರನ್ನು ಒಟ್ಟುಗೂಡಿಸಿ, ಒಂದೇ ವಾರದಲ್ಲಿ ಹತ್ತು ಮನೆಗಳ ನೆಲವನ್ನು ಕೂಡಿ ತೆರವು ಮಾಡುವ ಏರ್ಪಾಡನ್ನು ಕೈಗೊಳ್ಳಬಹುದು. ಉಡುಪಿಯಲ್ಲಿ 2021ರಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉತ್ತು ಬಿತ್ತುವ ಆಂದೋಲನವು ನಡೆದಾಗ ಕೂಡಿ ಮಾಡಿದ ಕೆಲಸದ ಬಲವೇನೆಂಬುದು ಎಲ್ಲರ ಕಣ್ಣಿಗೂ ಬಿದ್ದಿತು.

ನಮ್ಮ ಹೊಟೇಲಿನ ಕೆಲಸಗಾರನಿಗೆ ಅಡುಗೆಮನೆಯನ್ನು ಒಂದು ದಿನ ಚೆನ್ನಾಗಿ ತೊಳೆದರೆ ವರ್ಷವೆಲ್ಲ ಸಾಲದೆಂಬುದು ಗೊತ್ತು. ಗುಮಾಸ್ತನಿಗೆ ಈ ವರ್ಷ ತೀರಿಸದ ಬಾಕಿಯು ಮುಂದಿನ ವರ್ಷದ ಲೆಕ್ಕಕ್ಕೆ ಬಡ್ಡಿಯೊಡನೆ ಬರುವುದು ಗೊತ್ತು. ಹಡಿಲು ನೆಲದ ಶಾಸ್ತ್ರವೂ ಇಷ್ಟೇ. ಒಂದು ದಿನದ ಶೌರ್ಯಕ್ಕೆ ಪೊದೆಯು ಹೆದರುವುದಿಲ್ಲ. ಮರಳಿ ಮರಳಿ ಬರುವವನಿಗೆ ಮಾತ್ರ ಸೋಲುತ್ತದೆ.

ತುಳುನಾಡಿನಲ್ಲಿ ದೀಪಾವಳಿಯಂದು ಗದ್ದೆಗೆ ದೀಪವಿಟ್ಟು ಬಲೀಂದ್ರನನ್ನು ಕೂಗಿ ಕರೆಯುವ ಸಂಪ್ರದಾಯವುಂಟು. ತಾನು ಕಳೆದುಕೊಂಡ ನೆಲವನ್ನು ನೋಡಲು ವರ್ಷಕ್ಕೊಮ್ಮೆ ಬರುವ ಆ ಅರಸನಿಗೆ ಕಾಣಿಸಲು ನಮ್ಮ ಗದ್ದೆಯಲ್ಲಿ ದೀಪವಿಡುವಷ್ಟು ಎಡೆಯಾದರೂ ಇರಬೇಡವೇ? ಈ ಸಲ ಊರಿಗೆ ಹೋಗುವವರು ಹಣತೆಯೊಡನೆ ಒಂದು ಗುದ್ದಲಿಯನ್ನೂ ಹಿಡಿದು ಗದ್ದೆಗೆ ಇಳಿಯಲಿ. ಮೂರು ದೀಪಾವಳಿಗಳ ತನಕ ಈ ವ್ರತವನ್ನು ಬಿಡದೆ ನಡೆಸಿದಲ್ಲಿ, ಹುಲ್ಲು ಮರಳುವುದು, ಹುಲ್ಲನ್ನು ನಂಬಿದ ಜೀವಗಳು ಮರಳುವುವು, ಪಕ್ಕದ ಗದ್ದೆಯವನೂ ನೆಮ್ಮದಿಯಿಂದ ನಿದ್ರಿಸುವನು.